ನೋವು ಎಷ್ಟಾಣೆ?

ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ. ಗರ್ಭಕಂಠದ ಕ್ಯಾನ್ಸರ್ ಆಗಿದ್ದ ಅಜ್ಜಿ ಪಡಸಾಲೆಯಲ್ಲಿ ಚಾಪೆ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ಫಾರಂ ತೆಗೆದು, ‘ಅಜ್ಜಿ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಕೊಡಿ’ ಅಂದೆ. ಅಜ್ಜಿ ನನ್ನನ್ನೊಮ್ಮೆ, ಕೈಲಿದ್ದ ಪೆನ್ನನ್ನೊಮ್ಮೆ ನೋಡಿ, ‘ಹತ್ತಕ್ಕೆ ಹತ್ತು ಹಾಕ್ಕೊ ಕಣವ್ವ. ಬಿಸಿಲಲ್ಲಿ ಅಷ್ಟು ದೂರದಿಂದ ಬಂದಿದೀಯ’ ಅಂದರು. ನನಗೆ ಮಾರ್ಕ್ಸ್ ಕೊಟ್ಟಿದ್ದರು.

ಹಾಸನ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಉಪಶಾಮಕ ಆರೈಕೆ, ಅಂದರೆ ದೊಡ್ಡ ಕಾಯಿಲೆಯವರ ನೋವು, ತೊಂದರೆ ತಗ್ಗಿಸುವ ಆರೈಕೆ, ಮಾಡುವ ನರ್ಸ್ ನಾನು. ನಾವು ಹಿಡಿದುಕೊಂಡು ಹೋಗುತ್ತಿದ್ದ ಫಾರಂ 1991ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಹುಟ್ಟಿ, ಆಮೇಲೆ ತಿದ್ದುಪಡಿಯಾದದ್ದು. ನೋವು, ಸುಸ್ತು, ವಾಕರಿಕೆ, ಖಿನ್ನತೆ, ಆತಂಕ, ಹೀಗೆ ಒಂಬತ್ತು ತೊಂದರೆ. ಒಂದೊಂದಕ್ಕೂ ಸೊನ್ನೆಯಿಂದ ಹತ್ತು. ಅದರ ಜೊತೆಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರ ಐಪಾಸ್ ಎಂಬ ಪಟ್ಟಿಯ ಕೆಲವು ಪ್ರಶ್ನೆ.

ಮೊದಲು ಶಾಸ್ತ್ರೋಕ್ತವಾಗಿಯೇ ಕೂತೆವು. ಇಬ್ಬರು ಕನ್ನಡಕ್ಕೆ ತಂದರು, ಮೂರನೆಯವರು ಮೂಲ ನೋಡದೆ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದರು. ಎರಡೂ ತಾಳೆಯಾಯಿತು. ಆಗದೆ ಏನು? ಮೂವರೂ ಕಾಲೇಜು ಓದಿದವರು. ಅವರ ನಡುವೆ ‘ಖಿನ್ನತೆ’ ಸಲೀಸಾಗಿ ಹೋಗಿ ಬಂತು. ಅರಕಲಗೂಡಿನ ರೈತರೊಬ್ಬರು ಮಾತ್ರ ‘ಅದು ಯಾವ ಟೆಸ್ಟು ಸಿಸ್ಟರ್, ಇನ್ನೂ ಮಾಡ್ಸಿಲ್ಲ’ ಅಂದರು.

ಕೈ ಹಿಡಿದದ್ದು ಇನ್ನೊಂದು ದಾರಿ. ಪ್ರಶ್ನೆ ಓದಿ, ಉತ್ತರ ಬರೆದುಕೊಳ್ಳುವ ಮುಂಚೆ, ‘ನಾನು ಈಗ ಏನು ಕೇಳಿದೆ, ನಿಮ್ಮ ಮಾತಲ್ಲೇ ಹೇಳಿ’ ಅನ್ನುವುದು. ಖಿನ್ನತೆ ತೆಗೆದು ‘ಬೇಜಾರು’ ಹಾಕಿದ್ದೆವು. ‘ಬೇಜಾರಾಗಿದ್ದೀರಾ?’ ಅಂದರೆ ಒಬ್ಬ ಯಜಮಾನರು ಗಾಬರಿಯಾಗಿ, ‘ಛೆ ಛೆ, ನಿಮ್ಮ ಮೇಲೆ ಯಾಕಮ್ಮ ಬೇಜಾರು’ ಅಂದರು. ಕೊನೆಗೆ ನಿಂತದ್ದು, ‘ಯಾರ ಹತ್ತಿರಾನೂ ಮಾತೇ ಬೇಡ ಅನ್ನಿಸುತ್ತಾ?’ ಮಲಬದ್ಧತೆ ಹೋಗಿ ‘ಎರಡಕ್ಕೆ ಸಲೀಸಾಗಿ ಆಗುತ್ತಾ?’ ಬಂತು. ‘ಸಂಕಟ’ವನ್ನು ಏನು ಮಾಡುವುದೆಂದು ಗೊತ್ತಾಗಲಿಲ್ಲ. ಕೆಲವರಿಗೆ ಅದು ಹೊಟ್ಟೆ ತೊಳಸುವುದು, ಕೆಲವರಿಗೆ ಎದೆ ಭಾರ, ಕೆಲವರಿಗೆ ಮದುವೆಯಾಗದೆ ಉಳಿದ ಮಗಳು. 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನ ರೋಗಿಗಳ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ಮೈ, ಮನಸ್ಸು, ಮನೆ, ದೇವರು ಎಲ್ಲ ಕಲಸಿಕೊಂಡ ನೋವಿಗೆ ‘ಟೋಟಲ್ ಪೇನ್’ ಅಂದಿದ್ದರು. ನಮ್ಮ ಅಜ್ಜಿಯರ ಬಳಿ ಅದಕ್ಕೆ ಮಾತು ಮೊದಲೇ ಇತ್ತು. ಅದನ್ನು ಫಾರಂನ ಕೊನೆಗೆ ಖಾಲಿ ಗೆರೆಯ ಜೊತೆ ಹಾಗೇ ಇಟ್ಟೆವು: ‘ಸಂಕಟ ಅಂದರೆ ಯಾವುದು?’

ಪದ ಸರಿಹೋದರೂ ಅಳತೆ ಸರಿಹೋಗಲಿಲ್ಲ. ನಗುವ, ಅಳುವ ಮುಖಗಳ ಕಾರ್ಡ್ ತೋರಿಸಿದರೆ ಗಂಡಸರು ಕಣ್ಣೀರಿನ ಮುಖ ಮುಟ್ಟುತ್ತಿರಲಿಲ್ಲ, ಎಷ್ಟೇ ನೋವಿರಲಿ. ಎಲೆಅಡಿಕೆ, ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಆಗಿ ಮಾತು ಹೋದವರಿಗೆ ಆಫ್ರಿಕಾದಲ್ಲಿ ಬಳಸುವ ಕೈ ಲೆಕ್ಕ ಒಗ್ಗಿತು: ಮುಷ್ಟಿ ಮುಚ್ಚಿದರೆ ಸೊನ್ನೆ, ಐದೂ ಬೆರಳು ಬಿಚ್ಚಿದರೆ ತಡೆಯಲಾರದಷ್ಟು. ಉಳಿದವರದ್ದೇ ಚಿಂತೆಯಾಗಿತ್ತು.

ದಾರಿ ತೋರಿಸಿದ್ದು ಆಲೂರಿನ ಒಬ್ಬ ಅಜ್ಜ. ನಂಬರ್ ಬಿಟ್ಟು, ‘ಹೋದ ಸಂತೆಗೂ ಈ ಸಂತೆಗೂ ಹೆಂಗಿದೀರಿ?’ ಅಂತ ಸುಮ್ಮನೆ ಕೇಳಿದೆ. ‘ಹೋದ್ಸಲ ಹದಿನಾರಾಣೆ ನೋವಿತ್ತು, ಈಗ ಎಂಟಾಣೆಗೆ ಇಳಿದೈತೆ’ ಅಂದರು. ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ 1957ರಲ್ಲೇ ನಯಾಪೈಸೆಗೆ ದಾರಿ ಬಿಟ್ಟಿತ್ತು. ಅವರ ಬಾಯಲ್ಲಿ ಇನ್ನೂ ಚಲಾವಣೆಯಲ್ಲಿತ್ತು. ವಾಪಸ್ ಬರುವಾಗ ಜೀಪಿನಲ್ಲೇ ಬರೆದು ನೋಡಿದೆ. ಐಪಾಸ್‌ನಲ್ಲಿ ಸೊನ್ನೆಯಿಂದ ನಾಲ್ಕು, ಒಟ್ಟು ಐದು ಹಂತ. ಇಲ್ಲವೇ ಇಲ್ಲ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ಅಲ್ಲೂ ಐದು. ಅಷ್ಟು ಖುಷಿ ನನಗೆ ಸಂಬಳ ಬಂದ ದಿನವೂ ಆಗಿಲ್ಲ.

ಖುಷಿ ಎರಡು ವಾರ ಇತ್ತು. ಬಾಣಾವರದ ಹತ್ತಿರದ ಹೆಂಗಸೊಬ್ಬರು ‘ಹನ್ನೆರಡಾಣೆ’ ಅಂದರು, ಬರೆದುಕೊಂಡೆ. ಅವರು ನೋವಿಗೆ ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದರು. ಸಂಜೆ ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ, 15ಕ್ಕೆ ಏರಿಸೋಣ ಅಂದರು. ತಿಳಿಸಲು ಮನೆಗೆ ಫೋನ್ ಮಾಡಿದರೆ ಸೊಸೆ, ‘ಯಾಕೆ ಸಿಸ್ಟರ್? ಅತ್ತೆ ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡ್ತವ್ರೆ, ಇವತ್ತು ಹೂ ಕಟ್ಟಿದ್ರು’ ಅಂದಳು. ಹನ್ನೆರಡಾಣೆ ವಾಸಿಯಾಗಿತ್ತು! ನಮ್ಮ ಕಡೆ ಆಣೆಯಲ್ಲಿ ಹೆಚ್ಚಾಗಿ ಎಣಿಸುವುದು ವಾಸಿಯನ್ನು, ನೋವನ್ನಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲವಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಪ್ರಶ್ನೆ ಹೀಗಿದೆ: ‘ನೋವು ಇನ್ನೂ ಎಷ್ಟಾಣೆ ಉಳಿದಿದೆ?’ ಉತ್ತರ ಬಂದ ಮೇಲೆ ‘ಅಂದರೆ ಜಾಸ್ತಿ ಇದೆಯಾ, ಕಮ್ಮಿ ಇದೆಯಾ?’ ಎಂದು ಇನ್ನೊಮ್ಮೆ. ಎರಡೂ ಹೊಂದಿದರೆ ಮಾತ್ರ ಬರೆಯುವುದು.

ಸಣ್ಣ ವಯಸ್ಸಿನವರಿಗೆ ಆಣೆ ಗೊತ್ತಿಲ್ಲ. ಸುಸ್ತು ಕೇಳಲು ಅವರಿಗೆ ಮೊಬೈಲ್ ಚಾರ್ಜೇ ಸರಿ. ಊಟದ ಅಳತೆಯೂ ತಾಲ್ಲೂಕಿಗೊಂದು: ಅರಸೀಕೆರೆ ಕಡೆ ‘ಮುದ್ದೆ ಪೂರ್ತಿನಾ, ಅರ್ಧನಾ?’, ಸಕಲೇಶಪುರದ ಮೇಲೆ ರೊಟ್ಟಿ, ಕಡುಬು. ಇದನ್ನೆಲ್ಲ ನಾವು ಹಾಸಿಗೆ ಪಕ್ಕದ ಕೆಲಸಕ್ಕೆ ಮಾತ್ರ ಬಳಸುತ್ತೇವೆ. ಬೇರೆ ಊರಿನ ಅಂಕಿಗಳ ಜೊತೆ ಹೋಲಿಸಬೇಕಾದರೆ ಅಳತೆಗೋಲನ್ನೇ ಮೊದಲು ಪರೀಕ್ಷೆಗೆ ಹಚ್ಚಬೇಕು, ಅದು ದೊಡ್ಡ ಕೆಲಸ. ಅಲ್ಲಿಯವರೆಗೆ ಮೂಲ ಫಾರಂ ಕೂಡ ಕಡತದಲ್ಲಿ ಇರುತ್ತದೆ.

ಐಪಾಸ್‌ನಲ್ಲಿ ಮನಸ್ಸಿಗೆ ನೆಮ್ಮದಿ ಇದೆಯಾ ಎಂಬ ಪ್ರಶ್ನೆಯಿದೆ. ಕೇಳಿದರೆ ಎಲ್ಲರೂ ‘ದೇವರು ಇಟ್ಟಂಗೆ’ ಅಂದು ಮುಗಿಸುತ್ತಿದ್ದರು. ‘ತೀರಿಸಬೇಕಾದ್ದು ಏನಾದರೂ ಬಾಕಿ ಇದೆಯಾ?’ ಎಂದು ಬದಲಿಸಿದೆವು. ಮನೆದೇವರ ಹರಕೆ, ಸಂಘದ ಕಂತು, ತಮ್ಮನ ಜೊತೆ ಬಿಟ್ಟ ಮಾತು, ಎಲ್ಲ ಹೊರಗೆ ಬಂತು. ಒಂದು ಮನೆಯಲ್ಲಿ ಮಗ ನನ್ನನ್ನು ಅಂಗಳಕ್ಕೆ ಕರೆದು, ‘ಅಪ್ಪನಿಗೆ ಗಂಟು ಅಂತ ಅಷ್ಟೇ ಹೇಳಿದೀವಿ, ನೀವು ಕೊನೆ ಆಸೆ ಕೇಳ್ದಂಗೆ ಕೇಳಿದ್ರಲ್ಲ’ ಎಂದು ರೇಗಿದ. ತಪ್ಪು ನನ್ನದೇ. ಈಗ ಅದನ್ನು ಮೊದಲ ಭೇಟಿಯಲ್ಲಿ ಕೇಳುವುದಿಲ್ಲ. ಕೇಳುವ ಮುಂಚೆ ಮನೆಯವರಿಗೆ ಏನು ಗೊತ್ತು, ರೋಗಿಗೆ ಏನು ಗೊತ್ತು, ಎಷ್ಟು ತಿಳಿಯಬೇಕೆಂದಿದ್ದಾರೆ ಎಂದು ಬೇರೆ ಬೇರೆಯಾಗಿ ವಿಚಾರಿಸಿಕೊಳ್ಳುತ್ತೇವೆ.

ಹೋದ ತಿಂಗಳು ಸಕಲೇಶಪುರದ ಒಂದು ಕಾಫಿ ತೋಟದ ಲೈನ್ ಮನೆಗೆ ಹೋಗಿದ್ದೆ. ಅಸ್ಸಾಂನಿಂದ ಬಂದ ಹೆಂಗಸು, ಸ್ರಾವ, ನೋವು. ಮುದ್ದೆಯೂ ಇಲ್ಲ, ಆಣೆಯೂ ಇಲ್ಲ, ಕನ್ನಡವೇ ಇಲ್ಲ. ಪಕ್ಕದ ಮನೆಯ ಶಾಲೆ ಹುಡುಗ ಮಾತು ತಿರುಗಿಸಿ ಹೇಳಲು ಬಂದು ನಿಂತ. ಅವನ ಎದುರು ರಕ್ತದ ವಿಷಯ ಹೇಗೆ ಕೇಳುವುದು? ಅವರ ಭಾಷೆ ಬಲ್ಲ ಹೆಂಗಸೊಬ್ಬರನ್ನು ಹುಡುಕಿಕೊಡಿ ಎಂದು ತೋಟದ ರೈಟರಿಗೆ ಹೇಳಿ ಬಂದಿದ್ದೇನೆ. ಗುರುವಾರ ಮತ್ತೆ ಹೋಗಬೇಕು.