ಪಾಲನಾ ಸಮಿತಿ ಚುನಾವಣೆ: ಪಟ್ಟಿಯಿಂದ ಎಣಿಕೆವರೆಗೆ ನನ್ನ ಅನುಭವ

ಕ್ಯಾಥೋಲಿಕ್ ಚರ್ಚಿನ ಪಾಲನಾ ಸಮಿತಿ (ಗುರುಗಳಿಗೆ ಸಲಹೆ ಕೊಡುವ ಭಕ್ತರ ಸಮಿತಿ) ಚುನಾವಣೆಯಲ್ಲಿ ಜಗಳ ಎದ್ದರೆ ಅದರ ಬೇರು ಸಾಮಾನ್ಯವಾಗಿ ಮತದಾರರ ಪಟ್ಟಿಯಲ್ಲಿರುತ್ತದೆ. ಮತದಾನದ ಭಾನುವಾರಕ್ಕೆ ಆರು ವಾರ ಇರುವಾಗಲೇ ಪಟ್ಟಿಯ ಕೆಲಸ ಹಿಡಿಯಬೇಕು.

ದಿನ ಗೊತ್ತುಮಾಡುವಾಗ ಮೊದಲು ಕಾಫಿ ಕೊಯ್ಲು ನೋಡಿಕೊಳ್ಳಿ. ಅರೇಬಿಕಾ ಹಣ್ಣು ಶುರುವಾಗಿ ರೊಬಸ್ಟಾ ಮುಗಿಯುವವರೆಗೆ, ಅಂದರೆ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ತೋಟದ ಕೂಲಿಯವರಾದ ಲೈನ್‌ಮನೆಯವರಿಗೆ ಬಿಡುವಿರುವುದಿಲ್ಲ. ಜುಲೈ ಮಳೆಯಲ್ಲಿ ವಯಸ್ಸಾದವರು ಬರುವುದು ಕಷ್ಟ. ಪಾಸ್ಕ (ಈಸ್ಟರ್) ಹಬ್ಬ ಕಳೆದ ಮೇಲಿನ ವಾರಗಳು ಇಲ್ಲವೇ ಅಕ್ಟೋಬರ್ ಅನುಕೂಲ.

ಕುಟುಂಬ ಪುಸ್ತಕ ಮತ್ತು ಜ್ಞಾನಸ್ನಾನದ ರಿಜಿಸ್ಟರ್ ಎದುರಿಟ್ಟುಕೊಂಡು ವಾರ್ಡ್‌ವಾರು ಪಟ್ಟಿ ತಯಾರಿಸಿ, ಆಯಾ ವಾರ್ಡಿನ ಮುಖಂಡರಾದ ಗುರಿಕಾರರ ಕೈಲಿ ಮನೆಮನೆಗೆ ಹೋಗಿ ತಾಳೆ ನೋಡಿಸುತ್ತೇವೆ. ಮದುವೆಯಾಗಿ ಹೋದ ಮಗಳ ಹೆಸರು ಉಳಿದಿರುತ್ತದೆ, ಬಂದ ಸೊಸೆಯ ಹೆಸರು ಸೇರಿರುವುದಿಲ್ಲ. ಎಸ್ಟೇಟ್ ಬದಲಿಸಿದ ಕುಟುಂಬ ಎರಡು ಧರ್ಮಕೇಂದ್ರಗಳ (ಪ್ಯಾರಿಷ್‌ಗಳ) ಪಟ್ಟಿಯಲ್ಲೂ ಇರುತ್ತದೆ, ಇಲ್ಲವೇ ಎರಡರಲ್ಲೂ ಇರುವುದಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 102 ಮತ್ತು 107ನೇ ವಿಧಿಗಳಂತೆ ಮೂರು ತಿಂಗಳು ನೆಲೆಸಿದವರೂ ಆ ಧರ್ಮಕೇಂದ್ರದವರೇ. ಕೂಲಿಗೆ ಬಂದವರನ್ನು ಹೊರಗಿನವರೆಂದು ಸುಮ್ಮನೆ ಬಿಟ್ಟುಬಿಡುವುದು ಅನ್ಯಾಯ. ವಂತಿಗೆ ಬಾಕಿಯಿದೆ ಎಂದು ಹೆಸರು ಹೊಡೆಯುವ ಅಭ್ಯಾಸವೂ ಅಷ್ಟೇ. ಧರ್ಮಕ್ಷೇತ್ರದ (ಬಿಷಪರ ಆಡಳಿತ ವ್ಯಾಪ್ತಿಯ) ನಿಯಮಾವಳಿಯಲ್ಲಿ ಆ ಮಾತಿಲ್ಲದಿದ್ದರೆ ಹಾಗೆ ಮಾಡುವಂತಿಲ್ಲ. ಕರಡು ಪಟ್ಟಿಯನ್ನು ಎರಡು ಭಾನುವಾರ ಚರ್ಚ್ ಬಾಗಿಲಲ್ಲಿ ಅಂಟಿಸಿ, ಆಕ್ಷೇಪಗಳನ್ನು ಬರಹದಲ್ಲೇ ತೆಗೆದುಕೊಂಡು, ಆಮೇಲೆ ಫಾದರ್ ಸಹಿ ಮಾಡಿಸಿ ಮುಚ್ಚಿಬಿಡಿ.

ವಾರ್ಡಿನಲ್ಲಿ ಜಪಸರ ಮುಗಿಸಿ ಅಲ್ಲೇ ಕೈ ಎತ್ತಿಸಿ ಗುರಿಕಾರರನ್ನು ಆರಿಸುವುದನ್ನು ನಾನು ಒಪ್ಪುವುದಿಲ್ಲ. ಎಸ್ಟೇಟಿನ ರೈಟರೂ (ಕೆಲಸ ಮಾಡಿಸುವ ಗುಮಾಸ್ತರೂ) ಅವರ ಕೈಕೆಳಗೆ ದುಡಿಯುವವರೂ ಒಂದೇ ವಾರ್ಡಿನಲ್ಲಿರುತ್ತಾರೆ. ರೈಟರು ನಿಂತಿರುವಾಗ ಇನ್ನೊಬ್ಬರಿಗೆ ಕೈ ಎತ್ತುವ ಧೈರ್ಯ ಯಾರಿಗೆ ಬರುತ್ತದೆ? ಮತ ಮುಕ್ತವಾಗಿರಬೇಕು, ಗುಟ್ಟಾಗಿರಬೇಕು ಎನ್ನುತ್ತದೆ 172ನೇ ವಿಧಿ. ಚೀಟಿಯಲ್ಲಿ ಹೆಸರು ಬರೆಸುವುದೂ ಬೇಡ, ಮೂವತ್ತು ಮನೆಯ ವಾರ್ಡಿನಲ್ಲಿ ಅಕ್ಷರ ನೋಡಿದರೆ ಯಾರೆಂದು ಗೊತ್ತಾಗುತ್ತದೆ. ಹೆಸರುಗಳನ್ನು ಮುದ್ರಿಸಿ, ಪಕ್ಕದಲ್ಲಿ ಭಾವಚಿತ್ರ ಹಾಕಿ, ಗುರುತು ಹಾಕಲು ಎಲ್ಲರಿಗೂ ಒಂದೇ ಬಣ್ಣದ ಪೆನ್ ಇಡಿ. ಚೀಟಿಯ ಹಿಂಬದಿಗೆ ಧರ್ಮಕೇಂದ್ರದ ಮೊಹರು ಇರಲಿ, ಕ್ರಮಸಂಖ್ಯೆ ಬೇಡವೇ ಬೇಡ.

ಎಣಿಕೆಯ ಬಗ್ಗೆ ನಿಯಮಾವಳಿ ಏನೂ ಹೇಳದ ಕಡೆ ನಾವು ಸಂಹಿತೆಯನ್ನೇ ಹಿಡಿಯುತ್ತೇವೆ. 173ನೇ ವಿಧಿಯಂತೆ ಎಣಿಸುವವರು ಕನಿಷ್ಠ ಇಬ್ಬರು. ಚೀಟಿ ಬಿಡಿಸುವ ಮೊದಲು ಮಡಿಚಿದಂತೆಯೇ ಎಣಿಸಿ ಮತ ಹಾಕಿದವರ ಸಹಿಗಳ ಸಂಖ್ಯೆಗೆ ತಾಳೆ ನೋಡಬೇಕು. ಮತ ಹಾಕಿದವರಿಗಿಂತ ಒಂದೇ ಚೀಟಿ ಹೆಚ್ಚಿದ್ದರೂ ಆ ಮತದಾನವೇ ರದ್ದು. ಕಣ್ಣು ಮುಚ್ಚಿ ಒಂದು ಚೀಟಿ ತೆಗೆದು ಬಿಸಾಡಿ ಮುಂದುವರಿಯುವ ರೂಢಿ ಹಲವು ಕಡೆ ಇದೆ, ಅದು ತಪ್ಪು. ಹಕ್ಕಿಲ್ಲದವರು ಯಾರೋ ಮತ ಹಾಕಿದ್ದು ಆಮೇಲೆ ಗೊತ್ತಾದರೆ ವಿಷಯ ಬೇರೆ: ಆ ಮತ ಕಳೆದರೂ ಗೆದ್ದವರಿಗೆ ಬೇಕಾದಷ್ಟು ಮತ ಉಳಿದರೆ ಆಯ್ಕೆ ನಿಲ್ಲುತ್ತದೆ (171ನೇ ವಿಧಿ).

ಗೆಲ್ಲಲು ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಎರಡು ಸುತ್ತಿನಲ್ಲೂ ಬಾರದಿದ್ದರೆ ಮೂರನೆಯದು ಮುಂದಿರುವ ಇಬ್ಬರ ನಡುವೆ. ಅಲ್ಲೂ ಸಮವಾದರೆ ವಯಸ್ಸಿನಲ್ಲಿ ಹಿರಿಯರೇ ಆಯ್ಕೆ, ಚೀಟಿ ಎತ್ತುವಂತಿಲ್ಲ (119). ನಡಾವಳಿ ಬರೆದು, ಎಣಿಸಿದವರೂ ಅಧ್ಯಕ್ಷತೆ ವಹಿಸಿದವರೂ ಕಾರ್ಯದರ್ಶಿಯೂ ಅಲ್ಲೇ ಸಹಿ ಹಾಕಬೇಕು. ಆಯ್ಕೆಯಾದವರು ಒಪ್ಪಿಗೆ ತಿಳಿಸಲು ಎಂಟು ದಿನ.

ಗೆದ್ದವರಿಗೆ ಮೊದಲೇ ತಿಳಿಸಬೇಕಾದದ್ದು: ಸಮಿತಿಗೆ ಅಧ್ಯಕ್ಷರು ಧರ್ಮಕೇಂದ್ರದ ಗುರುಗಳೇ, ಮತ್ತು 536ನೇ ವಿಧಿಯಂತೆ ಅದರ ಅಧಿಕಾರ ಸಲಹೆಯಷ್ಟೇ. ಇದು ಗೊತ್ತಿಲ್ಲದೆ ಬಂದವರು ಮೊದಲ ಸಭೆಯಲ್ಲೇ ಮುನಿಸಿಕೊಳ್ಳುತ್ತಾರೆ. ಆದರೆ ಹಣಕಾಸು ಸಮಿತಿ ಕಡ್ಡಾಯ (537), ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಲೇಬೇಕು (1287). ಉಪಾಧ್ಯಕ್ಷರು ತಮ್ಮ ಬಲವನ್ನೆಲ್ಲ ಇಲ್ಲಿಗೇ ಹಾಕಲಿ. ಭಾನುವಾರದ ಕಾಣಿಕೆಯನ್ನು ಪೂಜೆ ಮುಗಿದ ಕೂಡಲೇ ಇಬ್ಬರು ಕೂತು ಎಣಿಸಿ, ಮೊತ್ತ ಬರೆದು ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಿ, ಚಲನ್ನನ್ನು ಅದೇ ಹಾಳೆಗೆ ಪಿನ್ ಮಾಡಿಡುವ ಕ್ರಮವನ್ನು ಮೊದಲ ತಿಂಗಳಲ್ಲೇ ಜಾರಿಗೆ ತನ್ನಿ.