ಹನ್ನೊಂದು ಫುಲ್ ಟ್ಯಾಂಕ್, ಒಂದು ಮೈಲೇಜು

"ಲೀಟರಿಗೆ ಇಪ್ಪತ್ತು ಕಿ.ಮೀ. ಕೊಡ್ತಾ ಇದೆ ಅಂತ ಡಿಸ್‌ಪ್ಲೇನೇ ಹೇಳುತ್ತಲ್ಲ ಭಾವ, ಇನ್ನು ಪುಸ್ತಕದಲ್ಲಿ ಬರೆಯೋದು ಯಾಕೆ?" ಅಂತ ನಗುತ್ತಿದ್ದ ಬಾಮೈದ ಮೊನ್ನೆ ತನ್ನ ಕಾರಿನ ಬಿಲ್ಲುಗಳನ್ನೂ ತಂದು ಮುಂದಿಟ್ಟ.

ಮೊದಲು ಕೈ ಸುಟ್ಟುಕೊಂಡಿದ್ದು ಹೇಳುತ್ತೇನೆ. ಟ್ಯಾಂಕ್ ಒಣಗಿಸಿ, ಒಂದೇ ಲೀಟರ್ ಹಾಕಿ, ನಿಲ್ಲುವವರೆಗೆ ಓಡಿಸುವ ಬೈಕಿನ ಬುದ್ಧಿಯನ್ನು ಕಾರಿಗೂ ತಂದೆ. ಟ್ಯಾಂಕಿನೊಳಗೆ ಕೂತ ಫ್ಯೂಯಲ್ ಪಂಪ್‌ಗೆ ತಂಪು ಕೊಡುವುದೇ ಪೆಟ್ರೋಲು. ಎರಡು ಸಲ ತಡೆದುಕೊಂಡಿತು, ಮೂರನೇ ಸಲ ಸುಟ್ಟೇ ಹೋಯಿತು. ಎಳೆಸಿಕೊಂಡು ಬಂದಿದ್ದೂ ಸೇರಿ 9,000ದ ಹತ್ತಿರ.

ಆಮೇಲೆ ಫುಲ್ ಟ್ಯಾಂಕ್ ಲೆಕ್ಕ: ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ತುಂಬಿಸಲು ಹಿಡಿದ ಲೀಟರಿನಿಂದ ಓಡಿದ ಕಿ.ಮೀ. ಭಾಗಿಸುವುದು. ವಾರಕ್ಕೊಮ್ಮೆ ಬೆಂಗಳೂರಿಂದ ಹಾಸನಕ್ಕೆ ಹೋಗಿ ಬಂದರೆ 375 ಕಿ.ಮೀ. ಆಸುಪಾಸು, 21 ಲೀಟರ್ ಕುಡಿಯುತ್ತದೆ. ಒಂದು ವಾರ 16.3 ಬಂತು, ಮರುವಾರ 19.8! ಅದೇ ದಾರಿ, ಅದೇ ಕಾಲು. ಪ್ಲಗ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ ಇನ್ನೊಂದು ಮೂರು ಸಾವಿರ ದಂಡ ತೆತ್ತೆ. ಎಂಜಿನ್ ಪಾಪ, ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ತುಂಬಿಸುವುದರಲ್ಲಿ. ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕುವ ಗನ್ ಟ್ಯಾಂಕ್ ತುಂಬಿತೆಂದು ತಾನಾಗಿಯೇ ಬೇಗ ಕಟ್ ಆಗುತ್ತದೆ, ಇನ್ನೊಂದರಲ್ಲಿ ಹುಡುಗ ರೌಂಡ್ ಫಿಗರ್ ಮಾಡಲು ಮತ್ತೆ ಮತ್ತೆ ಒತ್ತುತ್ತಾನೆ. ಹೋದ ಸಲ ಒಂದು ಲೀಟರ್ ಕಮ್ಮಿ, ಈ ಸಲ ಒಂದು ಜಾಸ್ತಿ ಆದರೆ 21ರಲ್ಲಿ ಎರಡು ಲೀಟರ್ ಸುಳ್ಳು. ಅಳತೆಯ ಮೇಲೂ ಅನುಮಾನ ಬಂದು 5 ಲೀಟರ್ ಪಾತ್ರೆ ತರಿಸಿ ನೋಡಿದೆ. ಮೋಸ ಇರಲಿಲ್ಲ, ಬಂಕಿನವರ ಮುಖ ಮಾತ್ರ ದಪ್ಪಗಾಯಿತು.

ಕೊನೆಗೆ ಒಂದೇ ಬಂಕು, ಒಂದೇ ಗನ್ನು, ಸೋಮವಾರ ಬೆಳಗ್ಗೆ, ಮೊದಲ ಕಟ್‌ಗೆ ನಿಲ್ಲಿಸುವುದು. ಬಿಡಿ ವಾರದ ಲೆಕ್ಕ ನೋಡುವುದನ್ನೇ ಬಿಟ್ಟೆ. ಹನ್ನೊಂದು ಸಲದ್ದು ಕೂಡಿಸಿದರೆ 4,150 ಕಿ.ಮೀ., 232 ಲೀಟರ್. ಇಷ್ಟರಲ್ಲಿ ಒಂದೆರಡು ಲೀಟರ್ ಅತ್ತಿತ್ತ ಆದರೂ ನೂರಕ್ಕೆ ಒಂದೂ ತಪ್ಪುವುದಿಲ್ಲ. 17.9 ಬಂತು.

ಅಲ್ಲಿಗೂ ಮುಗಿಯಲಿಲ್ಲ. 185/65 ಟೈರ್ ಸವೆದಾಗ 195/65 ಹಾಕಿಸಿದ್ದೆ. ಚಕ್ರ ದೊಡ್ಡದಾದ್ದರಿಂದ ಓಡೋಮೀಟರ್ 100 ಅಂದಾಗ ಫೋನಿನ ಜಿಪಿಎಸ್ 102 ಅನ್ನುತ್ತಿತ್ತು. ಅದನ್ನೂ ಸೇರಿಸಿದರೆ 18.2. ಡಿಸ್‌ಪ್ಲೇ ಆಗಲೂ 20.1 ಅಂತಲೇ ಕೂತಿತ್ತು.

ಚಪಲಕ್ಕೆ ಒಮ್ಮೆ ಸಕಲೇಶಪುರದಿಂದ ಶಿರಾಡಿ ಇಳಿಯುತ್ತಾ ನೋಡಿದೆ, 30 ದಾಟಿತು. ಘಾಟಿ ಇಳಿದಾಗಿನ ಮೈಲೇಜಿನ ಫೋಟೋ ಕಳಿಸುವವರು ಹತ್ತಿದ್ದನ್ನೂ ಕಳಿಸಲಿ!

ಬಾಮೈದನಿಗೆ ಎಲ್ಲ ಹೇಳಿಕೊಟ್ಟಿದ್ದೇನೆ. ಬಂಕಿನಲ್ಲಿ ಕಾರು ಯಾವ ಕಡೆ ವಾಲುವಂತೆ ನಿಲ್ಲಿಸುತ್ತೇನೆ ಅನ್ನುವುದೊಂದನ್ನು ಬಿಟ್ಟು.