ಬನ್ಯನ್ ಪುಸ್ತಕವನ್ನು ಹೊರದೇಶದವರು ಹೇಗೆ ಬರಮಾಡಿಕೊಂಡರು? ಪತ್ತೆ ಮಾಡುವುದು ಹೀಗೆ

ಇಂಗ್ಲೆಂಡಿನ ಜಾನ್ ಬನ್ಯನ್ ಬರೆದ, ಕ್ರೈಸ್ತ ಯಾತ್ರಿಕನೊಬ್ಬನ ಕಥೆ 'ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಲಂಡನ್ನಿನಲ್ಲಿ ಅಚ್ಚಾದದ್ದು 1678ರಲ್ಲಿ. ಹೊರದೇಶದವರು ಅದನ್ನು ಹೇಗೆ ಓದಿದರು ಅಂತ ತಿಳಿಯಲು ಪತ್ರಿಕೆ ವಿಮರ್ಶೆ ಹುಡುಕುತ್ತಾ ಕೂರಬೇಡಿ. ಈಗಿನ ಥರದ ವಿಮರ್ಶೆ ಆಗ ಎಲ್ಲಿತ್ತು? ಬೇರೆ ದಾರಿ ಹಿಡಿಯಬೇಕು.

ಮೊದಲು ಲೇಖಕ ಏನು ಹೇಳಿಕೊಂಡಿದ್ದಾನೆ ನೋಡಿ. 1684ರಲ್ಲಿ ಬಂದ ಎರಡನೇ ಭಾಗದ ಮುನ್ನುಡಿ ಪದ್ಯದಲ್ಲಿ ಬನ್ಯನ್ ಜಂಬ ಕೊಚ್ಚಿಕೊಳ್ಳುತ್ತಾನೆ: ಫ್ರಾನ್ಸ್ ಮತ್ತು (ಈಗಿನ ಬೆಲ್ಜಿಯಂ ಕಡೆಯ) ಫ್ಲಾಂಡರ್ಸ್‌ನಲ್ಲಿ ನನ್ನ ಯಾತ್ರಿಕನನ್ನು ಅಣ್ಣತಮ್ಮನ ಹಾಗೆ ನೋಡುತ್ತಾರೆ, ಹಾಲೆಂಡಿನಲ್ಲಿ ಕೆಲವರಿಗೆ ಅವನು ಚಿನ್ನಕ್ಕಿಂತ ಹೆಚ್ಚಂತೆ, ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಂತೂ ಹೊಸ ಬಟ್ಟೆ ತೊಡಿಸಿ ಒಡವೆ ಹಾಕಿದ್ದಾರೆ ಅಂತ. ಜೈಲಿನಲ್ಲಿ ಹನ್ನೆರಡು ವರ್ಷ ಕಳೆದ ಬಡ ಪಾತ್ರೆ ರಿಪೇರಿಯವನು, ಸ್ವಲ್ಪ ಕೊಚ್ಚಿಕೊಂಡರೆ ತಪ್ಪೇನು ಬಿಡಿ. ಆದರೆ ನಾವು ಸುಮ್ನೆ ನಂಬುವ ಹಾಗಿಲ್ಲ.

ಈಗ ಒಂದೊಂದು ಮಾತಿನ ಪಕ್ಕದಲ್ಲೂ ಇಸವಿ ಬರೆಯಿರಿ. 1800ರವರೆಗಿನ ಮುದ್ರಣಗಳಿಗೆ ಇಂಗ್ಲಿಷ್ ಶಾರ್ಟ್ ಟೈಟಲ್ ಕ್ಯಾಟಲಾಗ್ ಅನ್ನುವ ಪುಸ್ತಕಪಟ್ಟಿ ಇದೆ, ಡಚ್ಚರದ್ದೂ ಅಂಥದ್ದೇ ಒಂದಿದೆ. ನ್ಯೂ ಇಂಗ್ಲೆಂಡಿನ ಬಾಸ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಗ್ರೀನ್ ಅಚ್ಚು ಹಾಕಿದ್ದು 1681ರಲ್ಲಿ. ಸರಿ, ನ್ಯೂ ಇಂಗ್ಲೆಂಡ್ ಮಾತು ಹೊಂದುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಯೊಹಾನೆಸ್ ಬೂಕ್‌ಹೋಲ್ಟ್ ಡಚ್ ಅನುವಾದ ತಂದಿದ್ದು 1682ರಲ್ಲಿ. ಅದೂ ಹೊಂದುತ್ತದೆ. ಆದರೆ ನಮಗೆ ತಿಳಿದಿರುವ ಮೊದಲ ಫ್ರೆಂಚ್ ಆವೃತ್ತಿ 1685ರದ್ದು, ಅಂದರೆ ಜಂಬದ ಪದ್ಯ ಬಂದು ಒಂದು ವರ್ಷ ಆದಮೇಲೆ! ಅದೂ ಫ್ರಾನ್ಸಿನಲ್ಲಿ ಅಲ್ಲ, ಅದೇ ಬೂಕ್‌ಹೋಲ್ಟ್ ಹತ್ತಿರ. ಹಾಗಾಗಿ ಫ್ರಾನ್ಸ್ ವಿಷಯದಲ್ಲಿ ಬನ್ಯನ್ ಕೇಳಿದ ಸುದ್ದಿಯನ್ನು ಹೇಳಿರಬೇಕು ಅಂತ ನನ್ನ ಊಹೆ. ಇಂಥ ಕಡೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಹಾಕಿ ಮುಂದೆ ಹೋಗಿ.

ಆಮೇಲೆ ಹೆಸರಿನ ಪುಟ ನೋಡಿ. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಬನ್ಯನ್ ಇಟ್ಟ ಹೆಸರಲ್ಲಿ ಈ ಲೋಕದಿಂದ ಪರಲೋಕಕ್ಕೆ ಹೋಗುವ ಯಾತ್ರಿಕ ಇದ್ದಾನೆ. ಡಚ್ಚಿನಲ್ಲಿ ಅದು 'ಒಬ್ಬ ಕ್ರೈಸ್ತನ ನಿತ್ಯತ್ವದ ಕಡೆಗಿನ ಪಯಣ' ಆಯಿತು. ಫ್ರೆಂಚ್ ಹೆಸರೂ ಹಾಗೇ ಇದೆ. ಅಲ್ಲಿಗೆ ಡಚ್ ಪುಸ್ತಕವೇ ಮಾದರಿ ಆಗಿರಬೇಕು, ಅಲ್ವಾ? 1685ರ ಡಚ್ ಆವೃತ್ತಿಗೆ ಯಾನ್ ಲೌಕೆನ್ ಚಿತ್ರಗಳನ್ನು ಕೆತ್ತಿಕೊಟ್ಟ. ಹೆಸರಾಂತ ಕಲಾವಿದನಿಗೆ ಪ್ರಕಾಶಕ ಕೆಲಸ ಕೊಟ್ಟಿದ್ದಾನೆ ಅಂದರೆ ಪುಸ್ತಕ ಮಾರಾಟವಾಗುತ್ತಿತ್ತು ಅಂತಲೇ ಅರ್ಥ. ಓದುಗರು ಏನನ್ನೂ ಬರೆದಿಡದಿದ್ದಾಗ ಇಂಥ ಖರ್ಚುಗಳೇ ನಮಗೆ ಸಾಕ್ಷಿ.

ಅದಕ್ಕೇ ಯಾರ ದುಡ್ಡಿನಲ್ಲಿ ಅಚ್ಚಾಯಿತು ಅಂತಲೂ ಕೇಳಿ. ಬೂಕ್‌ಹೋಲ್ಟ್ ಪುಸ್ತಕ ಮಾರಿ ಬದುಕುವವನು, ಕೊಳ್ಳುವವರಿಲ್ಲದೆ ಮತ್ತೆ ಮತ್ತೆ ತರುವವನಲ್ಲ. ಕ್ರೈಸ್ತ ಧರ್ಮ ಪ್ರಚಾರದ ಮಿಷನ್ ತಂದ ಪುಸ್ತಕದ ಕಥೆ ಬೇರೆ. ನಮ್ಮ 'ಯಾತ್ರಿಕನ ಸಂಚಾರ'ವನ್ನು 1847ರಲ್ಲಿ ಕನ್ನಡಕ್ಕೆ ತಂದವರು ಬಾಸೆಲ್ ಮಿಷನ್ನಿನವರು. ಅದು ಅಚ್ಚಾಯಿತು ಅನ್ನುವುದರಿಂದ ಮಿಷನ್ನಿಗೆ ಅದು ಬೇಕಿತ್ತು ಅಂತ ಗೊತ್ತಾಗುತ್ತದೆ, ಓದುಗರಿಗೆ ಬೇಕಿತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ 'ಎಲ್ಲ ಕಡೆ ಮೆಚ್ಚಿದರು' ಅಂತ ಬರೆಯಬೇಡಿ.

ಓದುಗರು ತಾವೇ ಕಷ್ಟಪಟ್ಟ ಗುರುತು ಸಿಕ್ಕರೆ ಅದು ಬಂಗಾರ. ಮಡಗಾಸ್ಕರ್‌ನಲ್ಲಿ ರಾಣಿ ರಾನಾವಲೋನಾ 1835ರಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿದಳು. ಆ ಭಯದ ದಿನಗಳಲ್ಲೂ ಅಲ್ಲಿಯವರು ಈ ಕಥೆಯನ್ನು ಕೈಯಲ್ಲಿ ನಕಲು ಮಾಡಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಯಾವ ವಿಮರ್ಶೆ ಇದಕ್ಕೆ ಸಮ?

ಹಾಗಾಗಿ ಹಳೆಯ ಕನ್ನಡ ಪ್ರತಿ ಎಲ್ಲಾದರೂ ಸಿಕ್ಕರೆ ಕಥೆಗೆ ಹೋಗುವ ಮೊದಲು ಪುಟದ ಅಂಚುಗಳನ್ನು ನೋಡಿ. ಯಾರದ್ದಾದರೂ ಹೆಸರು, ತಾರೀಖು, ಅಡಿಗೆರೆ, ಎಣ್ಣೆ ಕಲೆ ಏನಿದ್ದರೂ ಫೋಟೋ ತೆಗೆದು ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ.